ತಂಗಿಯನ್ನು ಅಳಿಸಿದ ಕೈ

“ಆ ವಾರವೆಲ್ಲ ನಾನು ವಾರ್ಡಿನ ಪಕ್ಕದ ಕೋಣೆಯಲ್ಲೇ ಗೆಳತಿದ್ದೆ.”

ಕರಡಕ್ಕನ ಬೆರಳು ಮೌಸ್ ಮೇಲೆ ನಿಂತುಬಿಟ್ಟಿತು.

ಗೆಳತಿದ್ದೆ?

ಪದದ ಕೆಳಗೆ ಕೆಂಪು ಗೆರೆ ಡೊಂಕುಡೊಂಕಾಗಿ ಹರಿದಿತ್ತು. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಕಂಡಕಂಡದ್ದಕ್ಕೆಲ್ಲ ಕೆಂಪು ಗೆರೆ ಎಳೆಯುವುದು ಹೊಸದೇನಲ್ಲ. ಅದಕ್ಕೆ ಗೊತ್ತಿರುವ ಕನ್ನಡ ಒಂದು ಬೊಗಸೆಯಷ್ಟು, ಗೊತ್ತಿಲ್ಲದ್ದು ಒಂದು ಕೆರೆಯಷ್ಟು. ಆದರೆ ಈ ಸಲ ಅದರ ಅನುಮಾನ ಸರಿಯಾಗಿಯೇ ಇತ್ತು. ಇಂಥದೊಂದು ಪದವನ್ನು ಹುಟ್ಟಿದಾರಭ್ಯ ಯಾರೂ ಆಡಿದ್ದಿಲ್ಲ.

ಮೊದಲು ಅವಳಿಗೆ ನಗು ಬಂತು. ಹನ್ನೊಂದು ಪುಟ ದಾಟುವಷ್ಟರಲ್ಲಿ ನಗು ಹೋಯಿತು. ಅಲ್ಲಿ ಇನ್ನೊಂದು ಕೂತಿತ್ತು: “ದೂರದಿಂದ ಬಂದ ಬಾಣಂತಿಯರ ಕಡೆಯವರು ಆಸ್ಪತ್ರೆಯ ಜಗಲಿಯಲ್ಲೇ ಗೆಳತಿದರು.”

ಬೆರಳು ಜಾರಿ ಆಗುವ ತಪ್ಪು ಒಂದು ಸಲ ಆಗುತ್ತದೆ. ಎರಡು ಸಲ ಒಂದೇ ಥರ ಆಗುವುದಿಲ್ಲ.

ಈ ಪ್ರಕಾಶನದಲ್ಲಿ ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುತ್ತಿದ್ದವಳು ಅವಳು. ಎದುರಿಗೆ ಎಲ್ಲರೂ ‘ಕರಡಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಕರಡಿ’. ಎರಡೂ ಅವಳಿಗೆ ಗೊತ್ತಿತ್ತು. ಈಗ ಅವಳ ಮುಂದಿದ್ದದ್ದು, ಮೂರು ವಾರದ ಹಿಂದೆ ಒಂದು ಭಾನುವಾರ ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತುಬಿದ್ದಿದ್ದ ನರ್ಸಮ್ಮನ ಆತ್ಮಕಥೆ. ಕಾಲು ಜಾರಿ ಬಿದ್ದರು ಎಂದು ಊರೆಲ್ಲ ಒಪ್ಪಿಕೊಂಡಾಗಿತ್ತು. ಆದರೆ ಸಾಯುವ ಎರಡು ದಿನ ಮೊದಲು ನರ್ಸಮ್ಮ ಫೋನು ಮಾಡಿ, “ಏಳನೇ ಅಧ್ಯಾಯ ಮಾತ್ರ ನೀವೇ ಓದ್ಬೇಕು ಕಣಮ್ಮ, ಬೇರೆಯವರ ಕೈಗೆ ಕೊಡ್ಬೇಡಿ,” ಅಂದಿದ್ದು ಕರಡಕ್ಕನ ಕಿವಿಯಲ್ಲಿ ಇನ್ನೂ ಇತ್ತು.

ಅವಳು ಒಂದು ಹಾಳೆ ಎಳೆದುಕೊಂಡು ಬರೆದಳು: ಗೆಳತಿ. ದ್ದೆ. ಗೆಳತಿ. ದರು.

ಗೆಳತಿಯನ್ನು ತೆಗೆದುಹಾಕಿದರೆ ‘ದ್ದೆ’ಯ ಹಿಂದೆ ಏನು ಕೂರಬೇಕು? ರಾತ್ರಿ ಉಳಿದುಕೊಳ್ಳುವ ಮಾತು. ತಂಗಿದ್ದೆ. ತಂಗಿದರು.

ಪೆನ್ನು ಕೈಯಲ್ಲೇ ಉಳಿಯಿತು.

ಯಾರೋ ಈ ಫೈಲಿನಲ್ಲಿ ‘ತಂಗಿ’ಯನ್ನು ಹುಡುಕಿ ‘ಗೆಳತಿ’ ಎಂದು ಬದಲಿಸು ಅಂತ ಅಪ್ಪಣೆ ಕೊಟ್ಟಿದ್ದಾರೆ. ಒಂದೊಂದಾಗಿ ನೋಡುವ ವ್ಯವಧಾನವಿಲ್ಲದೆ ‘ರಿಪ್ಲೇಸ್ ಆಲ್’ ಒತ್ತಿದ್ದಾರೆ. ಯಂತ್ರಕ್ಕೇನು ಗೊತ್ತು, ಒಡಹುಟ್ಟಿದ ತಂಗಿ ಬೇರೆ, ಕೋಣೆಯಲ್ಲಿ ತಂಗುವುದು ಬೇರೆ ಅಂತ? ಸಿಕ್ಕಸಿಕ್ಕಲ್ಲೆಲ್ಲ ತಂಗಿಯನ್ನು ಕಿತ್ತು ಗೆಳತಿಯನ್ನು ನೆಟ್ಟು ಹೋಗಿದೆ.

ಅವಳು ‘ತಂಗಿ’ ಎಂದು ಟೈಪ್ ಮಾಡಿ ಹುಡುಕಲು ಕೊಟ್ಟಳು. ಸೊನ್ನೆ. ಇನ್ನೂರ ನಲವತ್ತು ಪುಟದ ಒಂದು ಬದುಕಿನಲ್ಲಿ ಆ ಎರಡಕ್ಷರ ಒಂದು ಕಡೆಯೂ ಇಲ್ಲ.

‘ಗೆಳತಿ’ ಎಂದು ಕೊಟ್ಟಳು. ಎಂಬತ್ತೆಂಟು.

“ಆಯ್ತಾ? ಎಷ್ಟು ಪುಟ ಆಯ್ತು?”

ಬಾಗಿಲಲ್ಲಿ ಪ್ರಕಾಶಕರು. ಆಫೀಸಿನಲ್ಲಿ ಎಲ್ಲರ ಬಾಯಲ್ಲಿ ಅವರು ಅವಸರಪ್ಪ. ಕೂತರೂ ನಿಂತರೂ ಯಾವುದೋ ಬಸ್ಸು ತಪ್ಪಿಹೋಗುತ್ತಿದೆ ಎಂಬಂತೆ ಇರುವವರು.

“ಸಾರ್, ನರ್ಸಮ್ಮನಿಗೆ ತಂಗಿ ಇದ್ಲಾ?”

“ತಂಗಿ ಎಲ್ಲಿಂದ ಬಂದ್ಲಮ್ಮ? ಒಬ್ಬ ತಮ್ಮ ಇದ್ದ, ಅವನೂ ಹೋಗಿ ಹತ್ತು ವರ್ಷ ಆಯ್ತು. ಅವನ ಮಗಳೇ ತಾನೇ ನಮಗೆ ಫೈಲಿನ ಲಿಂಕ್ ಕಳಿಸಿದ್ದು?”

“ಇದ್ರಲ್ಲಿ ಯಾರೋ ಕೈಯಾಡಿಸಿದ್ದಾರೆ ಸಾರ್.”

“ನೀನು ಕಾಗುಣಿತ ನೋಡು ಮಾರಾಯ್ತಿ, ಕಥೆ ಕಟ್ಬೇಡ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗ್ಲೇಬೇಕು. ನರ್ಸಮ್ಮನ ಆಸ್ಪತ್ರೆಯ ಡಾಕ್ಟ್ರ ಮುನ್ನುಡೀನೂ ಬಂದಿದೆ, ಅದನ್ನೂ ಒಂದು ಕಣ್ಣು ನೋಡ್ಬಿಡು. ಎರಡೂವರೆಗೆ ಆ ಹುಡುಗಿ ಬರ್ತಾಳೆ.”

ಅವರು ಬಂದಷ್ಟೇ ವೇಗದಲ್ಲಿ ಹೋದರು. ಹೊರಕೋಣೆಯಲ್ಲಿ ಅವರ ಚಪ್ಪಲಿಯ ಸದ್ದು, ಪ್ರಿಂಟರಿನ ಮುಚ್ಚಳ ತೆಗೆದು ಹಾಕಿದ ಸದ್ದು. ಕರಡಕ್ಕನ ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು, ರಸ್ತೆಯ ಕಡೆಗೆ ಒಂದೇ ಕಿಟಕಿ. ಮೂರು ಗೋಡೆಗೂ ಹಳೆಯ ಕರಡಿನ ಕಟ್ಟುಗಳು ಎದೆಯೆತ್ತರಕ್ಕೆ ಪೇರಿಸಿಕೊಂಡಿದ್ದವು. ಆ ಕೋಣೆಯಲ್ಲಿ ಮಧ್ಯಾಹ್ನವೂ ದೀಪ ಬೇಕಿತ್ತು.

ನರ್ಸಮ್ಮ ಎಂಟು ತಿಂಗಳ ಹಿಂದೆ ಮೊದಲ ಮೂರು ಅಧ್ಯಾಯಗಳನ್ನು ಮೇಲ್‌ನಲ್ಲಿ ಕಳಿಸಿ, “ನನ್ನ ಬರವಣಿಗೆ ನಡೆಯುತ್ತಾ ನೋಡಿ,” ಎಂದು ಕೇಳಿದ್ದರು. ಕರಡಕ್ಕ ಯಾವ ಫೈಲನ್ನೂ ಎಸೆಯುವವಳಲ್ಲ. ಹಳೆಯದನ್ನು ತೆರೆದಳು. ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ವ್ಯತ್ಯಾಸ ತೋರಿಸುವ ಸವಲತ್ತು ಕಂಪ್ಯೂಟರಿನಲ್ಲಿದೆ. ಅದನ್ನು ಒತ್ತಿದಳು.

ಎಡಗಡೆ: “ನನ್ನ ತಂಗಿಗೆ ಎರಡು ಜಡೆ ಹಾಕುವ ಕೆಲಸ ನನ್ನದು.”

ಬಲಗಡೆ: “ನನ್ನ ಗೆಳತಿಗೆ ಎರಡು ಜಡೆ ಹಾಕುವ ಕೆಲಸ ನನ್ನದು.”

ಮೂರು ಅಧ್ಯಾಯದಲ್ಲಿ ನಲವತ್ತೊಂದು ಕಡೆ ಇದೇ ಬದಲಾವಣೆ. ಬೇರೆ ಒಂದು ಅಲ್ಪವಿರಾಮವೂ ಅಲುಗಿರಲಿಲ್ಲ. ಸ್ನೇಹಿತರ ಮಾತು ಬಂದಾಗ ನರ್ಸಮ್ಮ ‘ಸ್ನೇಹಿತೆ’ ಎಂದೇ ಬರೆದಿದ್ದರು. ಗೆಳತಿ ಎಂಬುದು ಅವರ ಪದವೇ ಅಲ್ಲ.

ಅಂದರೆ ಆ ಎರಡು ‘ತಂಗಿದ್ದೆ’, ‘ತಂಗಿದರು’ಗಳನ್ನು ಬಿಟ್ಟರೆ, ಉಳಿದ ಗೆಳತಿಯರೆಲ್ಲ ಒಬ್ಬಳೇ ತಂಗಿ.

ಫೈಲಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ಪಟ್ಟಿ ಒಂದು ಮೂಲೆಯಲ್ಲಿ ತಾನಾಗಿಯೇ ಬೆಳೆಯುತ್ತಿರುತ್ತದೆ. ಬಹಳ ಜನ ಅದನ್ನು ತೆರೆದೇ ನೋಡುವುದಿಲ್ಲ. ಕರಡಕ್ಕ ತೆರೆದಳು.

ಭಾನುವಾರ ನರ್ಸಮ್ಮ ಸತ್ತರು. ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಂಬತ್ತೆಂಟು ಬದಲಾವಣೆ, ಒಂದೇ ಏಟಿಗೆ.

ಮಾಡಿದವರ ಹೆಸರು: ಫೈಲಿನ ಲಿಂಕ್ ಕಳಿಸಿದ ಆ ಹುಡುಗಿಯದು.

ಮೇಜಿನ ಮೇಲೆ ಫೋನು ಗುಂಯ್ ಎಂದಿತು. ಕರಡಕ್ಕ ಕುರ್ಚಿಯಲ್ಲೇ ಎಗರಿಬಿದ್ದಳು.

“ಅಕ್ಕಾ, ಕುಕ್ಕರಿನ ರಬ್ಬರು ಎಲ್ಲಿಟ್ಟಿದ್ದೀಯೆ?” ಅವಳ ತಂಗಿ. ದಿನಾ ಒಂದು ಗಂಟೆಗೆ ಏನಾದರೊಂದು ನೆಪ ಹುಡುಕಿ ಫೋನು ಮಾಡುವವಳು. “ಹೋದ ವಾರ ನಿಮ್ಮನೇಗೆ ತಂದಿದ್ದೆನಲ್ಲ, ಅದು.”

“ಡಬ್ಬದ ಮೇಲೆ ಇರುತ್ತೆ.”

“ಯಾವ ಡಬ್ಬ? ನಿಮ್ಮನೇಲಿ ಡಬ್ಬಕ್ಕೇನು ಬರವಾ? ಯಾಕೆ ಹಿಂಗೆ ಮಾತಾಡ್ತೀಯ, ಹುಷಾರಿದ್ದೀಯ ತಾನೇ?”

“ಇದ್ದೀನಿ ಕಣೇ. ನೀನು ಚೆನ್ನಾಗಿದ್ದೀಯ ತಾನೇ?”

“ಬೆಳಿಗ್ಗೆ ತಾನೇ ಮಾತಾಡಿದ್ವಲ್ಲೇ. ಏನಾಯ್ತು ನಿಂಗೆ?”

“ಏನಿಲ್ಲ. ಇಡು.”

ಫೋನು ಇಟ್ಟ ಮೇಲೂ ಆ ಧ್ವನಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಉಳಿದಂತಿತ್ತು. ಒಂದು ಗುಂಡಿ ಒತ್ತಿದರೆ ಇಂಥವಳೊಬ್ಬಳು ಇಲ್ಲದೇ ಹೋಗುವುದು ಎಂದರೇನು ಎಂದು ಕರಡಕ್ಕ ಪರದೆಯನ್ನೇ ನೋಡುತ್ತ ಕೂತಳು. ಊಟದ ಡಬ್ಬಿ ತೆಗೆಯಲೇ ಇಲ್ಲ.

ಏಳನೇ ಅಧ್ಯಾಯ ತೆರೆದಳು.

ಮುಖ್ಯವಾದ ಅಧ್ಯಾಯಗಳನ್ನು ಅವಳು ಕಣ್ಣಿಗಿಂತ ಕಿವಿಯಲ್ಲೇ ತಿದ್ದುತ್ತಿದ್ದಳು. ಕಣ್ಣು ಅಭ್ಯಾಸಬಲದಿಂದ ತಪ್ಪನ್ನೂ ಸರಿಯೆಂದೇ ಓದಿಬಿಡುತ್ತದೆ; ಕಿವಿಗೆ ಅಂಥ ದಾಕ್ಷಿಣ್ಯವಿಲ್ಲ. ಗಟ್ಟಿಯಾಗಿ ಓದಿ ಹೇಳುವ ಸವಲತ್ತು ಒತ್ತಿದರೆ ಒಂದು ಹೆಣ್ಣುಧ್ವನಿ ಓದುತ್ತಾ ಹೋಗುತ್ತದೆ. ಕರಡಕ್ಕ ಅದನ್ನು ‘ಗಿಳಿ’ ಅನ್ನುತ್ತಿದ್ದಳು. ಅಳುವ ಸಾಲಾಗಲಿ ನಗುವ ಸಾಲಾಗಲಿ, ಗಿಳಿಗೆ ಎಲ್ಲವೂ ಒಂದೇ ರಾಗ. ಅದು ಎಲ್ಲೂ ಉಸಿರು ಎಳೆದುಕೊಳ್ಳುವುದಿಲ್ಲ.

ಅವಳು ಕಣ್ಣು ಮುಚ್ಚಿದಳು. ಗಿಳಿ ಓದಿತು.

“ಗೆಳತಿಗೆ ಹೆರಿಗೆ ಮಾಡಿಸಿದ್ದು ನಾನೇ. ಹೆಣ್ಣುಮಗು. ಮೂರನೆಯ ದಿನ ಗೆಳತಿ ತೀರಿಕೊಂಡಳು. ಮಗು ಉಳಿಯಿತು. ಆ ಮಾತು ಇಲ್ಲಿಗೆ ಸಾಕು.”

ಅಲ್ಲಿಗೆ ಅಧ್ಯಾಯ ಮುಗಿಯಬೇಕು. ತಿದ್ದಲೆಂದು ತೆಗೆದ ಪ್ರಿಂಟಿನಲ್ಲಿ ಅದೇ ಕೊನೆಯ ಸಾಲು. ಬೆಳಿಗ್ಗೆ ಅವಳೇ ನೋಡಿದ್ದಳು. ಕೆಳಗೆ ಅರ್ಧ ಪುಟ ಖಾಲಿ.

ಗಿಳಿ ನಿಲ್ಲಲಿಲ್ಲ.

“ಮೇಲೆ ಬರೆದದ್ದು ಸುಳ್ಳು,” ಎಂದಿತು.

ಕರಡಕ್ಕ ಕಣ್ಣು ಬಿಟ್ಟಳು. ಪರದೆಯ ಮೇಲೆ ಬಿಳಿ ಪುಟ. ಒಂದಕ್ಷರವಿಲ್ಲ. ಆದರೆ ಆ ಖಾಲಿ ಜಾಗದ ಕೆಳಗೆ ನಾಲ್ಕಾರು ಕಡೆ ಸಣ್ಣ ಕೆಂಪು ಗೆರೆಗಳು ಡೊಂಕುಡೊಂಕಾಗಿ ಹರಿದಿದ್ದವು. ಇಲ್ಲದ ಪದಗಳಿಗೆ ಕಾಗುಣಿತದ ಯಂತ್ರ ತಪ್ಪು ಹಿಡಿದಿತ್ತು.

ಗಿಳಿ ಓದುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿದಳು. ಕೋಣೆ ಇದ್ದಕ್ಕಿದ್ದಂತೆ ಬಹಳ ನಿಶ್ಶಬ್ದವಾಯಿತು.

ಅಕ್ಷರಗಳು ಅಲ್ಲಿವೆ. ಪುಟದ ಬಣ್ಣದ್ದೇ ಬಿಳಿ ಬಣ್ಣ ಹಚ್ಚಿಕೊಂಡು ಕೂತಿವೆ. ಅವಳು ಖಾಲಿ ಜಾಗವನ್ನೆಲ್ಲ ಮೌಸಿನಿಂದ ಬಳಿದು, ಅಕ್ಷರದ ಬಣ್ಣ ಕಪ್ಪು ಎಂದು ಕೊಟ್ಟಳು.

ಒಂದಿಡೀ ಪ್ಯಾರಾ ಪುಟದ ಮೇಲೆ ಬಂದು ನಿಂತಿತು.

“ಮೇಲೆ ಬರೆದದ್ದು ಸುಳ್ಳು. ನನ್ನ ಬೆನ್ನಿಗೆ ಹುಟ್ಟಿದ ಗೆಳತಿ ಸತ್ತದ್ದನ್ನು ನಾನು ನೋಡಲಿಲ್ಲ. ಪಾಳಿ ಮುಗಿಸಿ ಮುಖ ತೊಳೆದು ಬರುವಷ್ಟರಲ್ಲಿ ಹಾಸಿಗೆ ಖಾಲಿಯಿತ್ತು. ದಿಂಬು ಇನ್ನೂ ಬೆಚ್ಚಗಿತ್ತು. ಸತ್ತಳು ಎಂದು ರಿಜಿಸ್ಟರಿನಲ್ಲಿ ಬರೆ ಅಂದರು ಡಾಕ್ಟರು. ಬರೆದೆ. ಹೆಣ ಎಲ್ಲಿ ಎಂದು ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಕೇಳಲಿಲ್ಲ. ಹೋದ ತಿಂಗಳು ಮುನ್ನುಡಿ ಬರೆದುಕೊಡಿ ಎಂದು ಕೇಳಲು ಅದೇ ಡಾಕ್ಟರ ಮನೆಗೆ ಹೋಗಿದ್ದೆ. ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು”

ಅಷ್ಟೇ. ಪೂರ್ಣವಿರಾಮವೂ ಇರಲಿಲ್ಲ.

ಮುನ್ನುಡಿ ಬರೆಯುವ ಡಾಕ್ಟರು ಕರಡು ಓದುತ್ತಾರೆಂದು ಗೊತ್ತಿದ್ದೇ ನರ್ಸಮ್ಮ ಇದನ್ನು ಕಣ್ಣಿಗೆ ಬೀಳದಂತೆ ಬರೆದಿದ್ದರು. ಇದಕ್ಕೇ ನೀವೇ ಓದಬೇಕು ಎಂದಿದ್ದರು.

ಬೆನ್ನಿಗೆ ಹುಟ್ಟಿದ ಗೆಳತಿ. ಕರಡಕ್ಕ ಆ ಸಾಲನ್ನು ಮತ್ತೆ ಓದಿದಳು. ಬೆನ್ನಿಗೆ ಹುಟ್ಟುವ ಗೆಳತಿ ಯಾವ ಲೋಕದಲ್ಲಿದ್ದಾಳೆ?

“ಒಳಗೆ ಬರ್ಲಾ ಮೇಡಂ?”

ನರ್ಸಮ್ಮನ ತಮ್ಮನ ಮಗಳು, ಎರಡೂವರೆಗೆ ಬರಬೇಕಿದ್ದವಳು ಎರಡಕ್ಕೇ ಬಂದಿದ್ದಳು. ಮೂವತ್ತನಾಲ್ಕರ ಆಸುಪಾಸು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಎದುರಿಗಿದ್ದವರ ಕಣ್ಣನ್ನೇ ನೆಟ್ಟು ನೋಡುವ ಅಭ್ಯಾಸ ಅದರಿಂದಲೇ ಬಂದಿರಬೇಕು. ಇವತ್ತು ಅವಳು ನೆಲ ನೋಡುತ್ತಿದ್ದಳು.

“ಬಾಮ್ಮ, ಕೂತ್ಕೋ.” ಕರಡಕ್ಕ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. “ನಿಮ್ಮ ಅತ್ತೆಗೆ ಒಡಹುಟ್ಟಿದವರು ಎಷ್ಟು ಜನ?”

“ನಮ್ಮಪ್ಪ ಒಬ್ರೇ.”

“ತಂಗಿ?”

“ಇಲ್ಲ.”

“ಇಲ್ಲದ ತಂಗೀನ ಎಂಬತ್ತೆಂಟು ಕಡೆಯಿಂದ ತೆಗೆದುಹಾಕಿದ್ದು ಯಾಕೆ?”

ಹುಡುಗಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು.

“ಮಂಗಳವಾರ ಸಂಜೆ ನಾಲ್ಕು ಹತ್ತಕ್ಕೆ,” ಎಂದಳು ಕರಡಕ್ಕ. “ಹೆಸರು ನಿಂದೇ ಇದೆ. ಇಲ್ಲ ಅನ್ಬೇಡ.”

“ನಾನಾಗಿ ಮಾಡ್ಲಿಲ್ಲ ಮೇಡಂ. ದೊಡ್ಡಮ್ಮ ಹೇಳಿದ್ರು ಅಂತ…”

ಮಾತು ಅಲ್ಲೇ ತುಂಡಾಯಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಕರಡಕ್ಕ ಧ್ವನಿ ತಗ್ಗಿಸಿದಳು. “ಅಪ್ಪನ ಅಕ್ಕ ಅತ್ತೆ ಆಗ್ತಾಳೆ. ದೊಡ್ಡಮ್ಮ ಆಗೋದು ಅಮ್ಮನ ಅಕ್ಕ.”

ರಸ್ತೆಯಲ್ಲಿ ಯಾವುದೋ ಲಾರಿ ಹಾದುಹೋಗಿ ಕಿಟಕಿಯ ಗಾಜು ಗಡಗಡ ಎಂದಿತು.

“ಮನೆಯೊಳಗೆ ದೊಡ್ಡಮ್ಮ. ಹೊಸ್ತಿಲು ದಾಟಿದ್ರೆ ಅತ್ತೆ,” ಎಂದಳು ಹುಡುಗಿ. “ಮಾತು ಕಲಿತಾಗಿನಿಂದ ಹಾಗೇ ಕಲಿಸಿದ್ರು. ಯಾಕೆ ಅಂತ ಕೇಳಿದ್ರೆ ಅಳ್ತಿದ್ರು, ಅದಕ್ಕೆ ಕೇಳೋದು ಬಿಟ್ಟೆ. ಮಾವ ನನ್ನ ತನ್ನ ಮಗಳು ಅಂತ ಬರೆಸ್ಕೊಂಡ್ರು. ಎಲ್ರ ಮುಂದೆ ಅವ್ರೇ ಅಪ್ಪ.”

“ನಿಮ್ಮಮ್ಮ?”

“ನಾನು ಹುಟ್ಟಿದ ಮೂರನೇ ದಿನ ಹೋಗ್ಬಿಟ್ಲಂತೆ. ಒಂದು ಫೋಟೋನೂ ಇಲ್ಲ. ಹೆಸರು ಕೂಡ ಹೇಳ್ತಿರ್ಲಿಲ್ಲ ದೊಡ್ಡಮ್ಮ. ಪುಸ್ತಕ ಬರೆಯೋಕೆ ಶುರುಮಾಡಿದ ಮೇಲೇನೇ ಮೊದಲನೇ ಸಲ ‘ತಂಗಿ’ ಅಂತ ಅವ್ರ ಕೈಯಿಂದ ಬಂದಿದ್ದು.”

“ಅಂಥ ಪದವನ್ನ ನೀನೇ ಅಳಿಸಿದ್ಯಲ್ಲಮ್ಮ. ಹೇಳಿದ್ದು ಯಾರು?”

“ದೊಡ್ಡಮ್ಮ.”

“ಯಾವತ್ತು?”

“ಮಂಗಳವಾರ.”

ಕರಡಕ್ಕನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. “ಭಾನುವಾರ ಹೋದವರು ಮಂಗಳವಾರ ಹೇಳಿದ್ರಾ?”

ಹುಡುಗಿ ಫೋನು ತೆಗೆದಳು. ಅದನ್ನು ಕರಡಕ್ಕನ ಕಡೆ ಹಿಡಿದಳು. “ಫೈಲಿನ ಪಕ್ಕದಲ್ಲಿ ಕಾಮೆಂಟ್ ಬರೆದ್ರೆ ನನ್ನ ಫೋನಿಗೆ ಬರುತ್ತೆ. ದೊಡ್ಡಮ್ಮ ಹೀಗೇ ಕೇಳ್ತಿದ್ರು, ಈ ಸಾಲು ಸರಿಯಿದ್ಯಾ, ಆ ಸಾಲು ಸರಿಯಿದ್ಯಾ ಅಂತ. ಅವತ್ತು ಮನೆ ತುಂಬ ಜನ. ನಾನು ಅಡುಗೆಮನೇಲಿ ಒಬ್ಳೇ ನಿಂತಿದ್ದೆ. ಫೋನು ಟಿಣ್ ಅಂತು. ನೋಡಿದ್ರೆ ದೊಡ್ಡಮ್ಮನ ಹೆಸರು.”

ಕರಡಕ್ಕ ಓದಿದಳು.

“ತಂಗಿ ಎಂದಿರುವಲ್ಲೆಲ್ಲ ಗೆಳತಿ ಎಂದು ಮಾಡು . ಬಂದು ಹೋಗುವವರ ಮುಂದೆ ಬಾಯಿ ಬಿಡಬೇಡ . ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ .”

“ಇದು ಅವ್ರ ಲ್ಯಾಪ್‌ಟಾಪಿಂದ ಬಂದಿರ್ಬೇಕು. ಅದು ಎಲ್ಲಿದೆ?”

“ಇಲ್ಲ. ಭಾನುವಾರ ಬೆಳಿಗ್ಗೆಯಿಂದಾನೇ ಕಾಣ್ತಿಲ್ಲ. ಮನೆಗೆ ಬಂದಿದ್ದ ಡಾಕ್ಟ್ರಿಗೆ ಹೇಳ್ದೆ. ಹಳೇ ಲ್ಯಾಪ್‌ಟಾಪಿಗೆ ಯಾಕಮ್ಮ ಪೊಲೀಸು ಅಂದ್ರು.” ಹುಡುಗಿ ಮುಖ ಎತ್ತಿದಳು. “ನಂಗೆ ಗೊತ್ತು ಮೇಡಂ, ಸತ್ತವರು ಬರೆಯಲ್ಲ ಅಂತ. ಆದ್ರೆ ಆ ಹೊತ್ತಲ್ಲಿ ಅವ್ರ ಹೆಸರು ನೋಡಿ ಮಾಡದೇ ಇರೋಕೆ ಆಗ್ಲಿಲ್ಲ. ಕೊನೇ ಮಾತು ಅಂತ ಅನ್ನಿಸ್ತು.”

ಕರಡಕ್ಕ ಆ ಮೂರು ವಾಕ್ಯಗಳಿಂದ ಕಣ್ಣು ತೆಗೆದಿರಲಿಲ್ಲ. ವಾಕ್ಯ ಮುಗಿದ ಮೇಲೆ ಒಂದು ಸಣ್ಣ ಖಾಲಿ ಜಾಗ, ಆಮೇಲೆ ಪೂರ್ಣವಿರಾಮ. ಮೂರಕ್ಕೆ ಮೂರೂ ಹಾಗೇ. ಬೇರೆಯವರಿಗೆ ಅದು ಕಾಣುವುದೇ ಇಲ್ಲ. ಅವಳಿಗೆ ಅದು ಅಂಗಿಯ ಮೇಲಿನ ಎಣ್ಣೆ ಕಲೆಯಂತೆ ಎದ್ದು ಕಾಣುತ್ತದೆ.

ನರ್ಸಮ್ಮ ಇನ್ನೂರ ನಲವತ್ತು ಪುಟದಲ್ಲಿ ಒಂದು ಸಲವೂ ಹೀಗೆ ಬರೆದಿರಲಿಲ್ಲ.

“ಫೈಲು ಇನ್ಯಾರ ಹತ್ರ ಇದೆ?”

“ಡಾಕ್ಟ್ರ ಹತ್ರ. ಮುನ್ನುಡಿಗೆ ಅಂತ ದೊಡ್ಡಮ್ಮನೇ ಕಳಿಸಿದ್ರು.”

ಬೆಳಿಗ್ಗೆ ಬಂದ ಮುನ್ನುಡಿಯನ್ನು ಅವಳು ಇನ್ನೂ ತೆರೆದಿರಲಿಲ್ಲ. ಈಗ ತೆರೆದಳು. ಓದಲು ಹೋಗಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಒಂದು ಖಾಲಿ ಜಾಗ, ಅದರ ಪಕ್ಕ ಒಂದು ಚುಕ್ಕಿ ಇಟ್ಟು ಒತ್ತಿದಳು.

ಅರವತ್ತಮೂರು.

ನಾಲ್ಕು ಪುಟದ ಮುನ್ನುಡಿಯಲ್ಲಿ ಅರವತ್ತಮೂರು ಪೂರ್ಣವಿರಾಮಗಳು ವಾಕ್ಯದಿಂದ ಒಂದು ಹೆಜ್ಜೆ ದೂರ ನಿಂತಿದ್ದವು.

“ಇದನ್ನ ಟೈಪ್ ಮಾಡಿದ ಕೈಯೇ ನಿಂಗೆ ಆ ಕಾಮೆಂಟ್ ಬರೆದಿರೋದು,” ಎಂದಳು ಕರಡಕ್ಕ.

ಹುಡುಗಿ ಕಿಟಕಿಯ ಕಡೆ ನೋಡಿದಳು. “ಅವ್ರೇ ಮೇಡಂ ನನ್ನ ಕರ್ಕೊಂಡು ಬಂದಿದ್ದು. ಕಾರು ಕೆಳಗೇ ನಿಂತಿದೆ. ಬೇಗ ಮುಗಿಸ್ಕೊಂಡು ಬಾ, ಕರಡು ತಿದ್ದುವವರು ಏನೇನು ಕೇಳಿದ್ರು ಅಂತ ಬಂದು ಹೇಳು ಅಂದ್ರು.”

ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ ಹೊತ್ತಿಕೊಂಡಿತ್ತು. ಫೈಲಿನೊಳಗೆ ಈಗ ಮತ್ತೊಬ್ಬರು ಇದ್ದಾರೆ ಎಂದು ಅದರ ಅರ್ಥ. ಚುಕ್ಕಿಯ ಪಕ್ಕ ಹೆಸರು.

ನರ್ಸಮ್ಮನ ಹೆಸರು.

ಏಳನೇ ಅಧ್ಯಾಯದ ಕೊನೆಗೆ, ಈಗಷ್ಟೇ ಕಪ್ಪಾದ ಆ ಪ್ಯಾರಾದ ತುದಿಯಲ್ಲಿ, ಒಂದು ಹಸಿರು ಕಡ್ಡಿ ಮಿಟುಕುತ್ತ ನಿಂತಿತು. ಆಮೇಲೆ ಹಿಂದಕ್ಕೆ ನಡೆಯತೊಡಗಿತು.

‘ಕೆಮ್ಮು’ ಹೋಯಿತು. ‘ಆ’ ಹೋಯಿತು.

“ಯಾರೋ ಅಳಿಸ್ತಿದ್ದಾರೆ!” ಹುಡುಗಿ ಕುರ್ಚಿ ತಳ್ಳಿ ಎದ್ದಳು.

ಪ್ಯಾರಾ ಬಿಳಿಯಾಗಿ ಅಡಗಿದ್ದಷ್ಟು ದಿನ ಯಾರಿಗೂ ಕಂಡಿರಲಿಲ್ಲ. ಅದಕ್ಕೆ ಕಪ್ಪು ಬಣ್ಣ ಕೊಟ್ಟು ಎಲ್ಲರಿಗೂ ತೋರಿಸಿಕೊಟ್ಟವಳು ತಾನೇ ಎಂದು ಕರಡಕ್ಕನಿಗೆ ಹೊಳೆಯಿತು. ಕೈ ತಾನಾಗಿಯೇ ಆ ಪುಟದ ಪ್ರಿಂಟ್ ಒತ್ತಿತು. ಹೊರಕೋಣೆಯಲ್ಲಿ ಯಂತ್ರ ಗೊರಗೊರ ಎಂದು ಎದ್ದಿತು.

“ಕಿಟಕೀಲಿ ನೋಡು. ಡಾಕ್ಟ್ರು ಏನ್ಮಾಡ್ತಿದ್ದಾರೆ?”

ಹುಡುಗಿ ಕರಡಿನ ಕಟ್ಟುಗಳ ಮೇಲೆ ಬಾಗಿ ಕೆಳಗೆ ನೋಡಿದಳು. “ಕಾರಿನ ಪಕ್ಕ ನಿಂತಿದ್ದಾರೆ.”

“ಕೈಯಲ್ಲಿ ಫೋನಿದ್ಯಾ?”

“ಇಲ್ಲ. ಒಂದು ಕೈಲಿ ಊರುಗೋಲು. ಇನ್ನೊಂದು ಕೈ ಕಾರಿನ ಮೇಲಿದೆ.” ಅವಳ ಧ್ವನಿ ಸಣ್ಣದಾಯಿತು. “ಮೇಲೆ, ನಮ್ಮ ಕಡೇನೇ ನೋಡ್ತಿದ್ದಾರೆ.”

ಪರದೆಯ ಮೇಲೆ ‘ಒಳಕೋಣೆಯಲ್ಲಿ’ ಹೋಯಿತು. ‘ಮೂವತ್ತನಾಲ್ಕು ವರ್ಷ’ ಹೋಯಿತು. ಅಕ್ಷರಗಳು ಒಂದೊಂದಾಗಿ, ಆತುರವಿಲ್ಲದೆ ಹೋಗುತ್ತಿದ್ದವು.

ಅಳಿಸುತ್ತಿರುವುದು ಡಾಕ್ಟರಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಹಾಗಾದರೆ?

“ಮುನ್ನುಡಿ ಟೈಪ್ ಮಾಡಿದ್ದು ಡಾಕ್ಟ್ರೇನಾ?”

“ಅವ್ರ ಕೈ ನಡುಗುತ್ತೆ ಮೇಡಂ, ಸಹಿ ಮಾಡೋಕೂ ಕಷ್ಟ. ಅವ್ರು ಹೇಳ್ತಾ ಹೋಗ್ತಾರೆ, ಮನೆಯವರು ಟೈಪ್ ಮಾಡ್ತಾರೆ.”

“ಮನೆಯವರು ಅಂದ್ರೆ?”

“ಹೆಂಡತಿ. ನಾನು ನೋಡಿಲ್ಲ. ಯಾರೂ ನೋಡಿದ್ದಿಲ್ಲ. ಏನೋ ಕಾಯಿಲೆಯಂತೆ, ಮದುವೆಯಾದಾಗಿನಿಂದ ಹೊರಗೇ ಬರಲ್ವಂತೆ.”

ಕರಡಕ್ಕ ಹುಡುಗಿಯ ಮುಖವನ್ನು ನೋಡಿದಳು. ಅವಳಿಗಿನ್ನೂ ಅರ್ಥವಾಗಿರಲಿಲ್ಲ. ಪ್ಯಾರಾ ಪೂರ್ತಿ ಅವಳು ಓದಿಯೇ ಇರಲಿಲ್ಲ.

ಹಸಿರು ಕಡ್ಡಿ ನಿಂತಿತು.

ಈಗ ಉಳಿದಿದ್ದದ್ದು ಇಷ್ಟೇ: “ಮೇಲೆ ಬರೆದದ್ದು ಸುಳ್ಳು. ನನ್ನ ಬೆನ್ನಿಗೆ ಹುಟ್ಟಿದ ಗೆಳತಿ”

ಕಡ್ಡಿ ಅಲ್ಲೇ ಮಿಟುಕಿತು. ಬಹಳ ಹೊತ್ತು ಮಿಟುಕಿತು. ಆ ಕಡೆ ಕೂತವರು ಯಾರೇ ಆಗಿರಲಿ, ಅವರ ಬೆರಳು ಗುಂಡಿಯ ಮೇಲೆ ತಡೆದು ನಿಂತಿದೆ ಎಂದು ಕರಡಕ್ಕನಿಗೆ ಕಂಡಷ್ಟು ಸ್ಪಷ್ಟವಾಗಿ ಗೊತ್ತಾಯಿತು.

ಆಮೇಲೆ ‘ಗೆಳತಿ’ ಹೋಯಿತು. ಅದೇ ಜಾಗದಲ್ಲಿ, ಒಂದೊಂದೇ ಅಕ್ಷರವಾಗಿ, ಬೇರೆ ಪದ ಬಂದು ಕೂತಿತು.

ತಂಗಿ.

ಹುಡುಗಿ ಪರದೆಯ ಹತ್ತಿರ ಬಂದಳು. ಅವಳ ಉಸಿರು ಕರಡಕ್ಕನ ಭುಜಕ್ಕೆ ತಾಗುತ್ತಿತ್ತು.

“ಯಾರು ಮೇಡಂ ಇದು?”

ಸತ್ತಳೆಂದು ರಿಜಿಸ್ಟರಿನಲ್ಲಿ ಬರೆಸಿಕೊಂಡ ಆ ತಂಗಿ ಡಾಕ್ಟರ ಮನೆಯೊಳಗೆ ಬದುಕಿದ್ದಾಳೆ; ತನ್ನನ್ನು ಪುಸ್ತಕದಿಂದ ಅಳಿಸಿಹಾಕಿಸಿದವಳೂ ಅವಳೇ. ಅದನ್ನು ಈ ಹುಡುಗಿಗೆ ಹೇಗೆ ಹೇಳುವುದು? ಕರಡಕ್ಕ ಬಾಯಿ ತೆರೆಯುವಷ್ಟರಲ್ಲಿ ಪುಟದ ಪಕ್ಕ ಹಳದಿ ಚೌಕವೊಂದು ಮೂಡಿತು. ಹುಡುಗಿಯ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

“ಮಗಳೇ , ಅವರು ಮೇಲೆ ಬರುವ ಮೊದಲು ಅಲ್ಲಿಂದ ಹೊರಡು .”

ಹುಡುಗಿ ಮೊದಲ ಪದವನ್ನಷ್ಟೇ ಓದಿಕೊಂಡಳೆಂದು ಕಾಣುತ್ತದೆ. ಆ ಪದದ ಮೇಲೆ ಬೆರಳಿಟ್ಟಳು.

ಕರಡಕ್ಕ ಕಿಟಕಿಯ ಕಡೆ ತಿರುಗಿದಳು. ಕಾರಿನ ಪಕ್ಕ ಯಾರೂ ಇರಲಿಲ್ಲ.

ಹೊರಕೋಣೆಯಲ್ಲಿ ಊರುಗೋಲು ನೆಲಕ್ಕೆ ತಾಗಿದ ಸದ್ದು. ಪ್ರಿಂಟರು ನಿಂತಿತು. ಅದರ ಹಿಂದೆಯೇ ಅವಸರಪ್ಪನವರ ಸಂಭ್ರಮದ ಧ್ವನಿ:

“ಬನ್ನಿ ಡಾಕ್ಟ್ರೇ, ಬನ್ನಿ ಬನ್ನಿ! ಇಬ್ರೂ ಒಳಗೇ ಇದ್ದಾರೆ. ಅಂದ ಹಾಗೆ, ಇಲ್ಲಿ ನೋಡಿ, ಈಗಷ್ಟೇ ಒಂದು ಪುಟ ಬಂತು. ನಿಮ್ಮ ವಿಷಯವೇ ಬರೆದಿದ್ದಾರೆ ನರ್ಸಮ್ಮ. ತಗೊಳ್ಳಿ, ಓದಿ.”